ಬಿಡ್ತು ಅನ್ನಬೇಡಿ ಎಂದು ಹೇಳಿದ ಮೇಲೆ

ಮಾನ್ವಿಯವರು ಮಾನ್ವಿಯಲ್ಲಿ ನನ್ನ ಹತ್ತಿರ ಬರುವುದಿಲ್ಲ, ದೇವದುರ್ಗಕ್ಕೆ ಬರುತ್ತಾರೆ. ದೇವದುರ್ಗದವರು ರಾಯಚೂರಿಗೆ ಬರುತ್ತಾರೆ. ರಾಯಚೂರಿನವರು ಎಲ್ಲಿಗೆ ಹೋಗುತ್ತಾರೋ ನನಗೆ ಈವರೆಗೂ ಪತ್ತೆಯಾಗಿಲ್ಲ. ಮಕ್ಕಳ ಮನಸ್ಸಿನ ಚಿಕಿತ್ಸೆ ಎಂದರೆ ಊರವರ ಕಣ್ಣು ತಪ್ಪಿಸಿ ಮಾಡಿಸಬೇಕಾದ ಕೆಲಸವೆಂದು ನಮ್ಮ ಕಡೆ ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ. ಹಾಗಾಗಿ ಒಂದು ಮಂಗಳವಾರ, ದೇವದುರ್ಗದಲ್ಲಿ ನಾನು ಕೂರುವ ಬಾಡಿಗೆ ಕೋಣೆಗೆ, ಮಾನ್ವಿಯ ಹೈಸ್ಕೂಲ್ ಮಾಸ್ತರರೊಬ್ಬರು ಹತ್ತು ವರ್ಷದ ಮಗನನ್ನು ಕರೆದುಕೊಂಡು ಸಿರವಾರದಲ್ಲಿ ಬಸ್ಸು ಬದಲಿಸಿ ಬಂದದ್ದು ನನಗೇನೂ ವಿಚಿತ್ರವೆನಿಸಲಿಲ್ಲ.

"ಗುರುವಾರ ನೀವು ನಮ್ಮೂರಿಗೇ ಬರ್ತೀರಿ ಅಂತ ಗೊತ್ತದರಿ," ಎಂದರು ಮಾಸ್ತರರು. "ಆದ್ರ ಅಲ್ಲಿ ನಿಮ್ಮ ಬಾಗಲದಾಗ ನಿಂತ್ರ ಸಾಕು, ಸಂಜೀಗೆ ಊರಿಗೆಲ್ಲಾ ಗೊತ್ತಾಗ್ತದ. ಹುಡುಗನ ಮುಂಜಿ ಮಾಡೂದದ."

ಹುಡುಗ ಕೂರಲಿಲ್ಲ. ಬಸ್ಸಿನಲ್ಲೂ ನಿಂತೇ ಬಂದಿದ್ದನಂತೆ. ಎರಡೂ ಕೈಗಳನ್ನು ಮೈಗೆ ತಾಗದಂತೆ ಮುಂದಕ್ಕೆ ಹಿಡಿದುಕೊಂಡಿದ್ದ. ಬೆರಳ ಸಂದುಗಳು ತೊಳೆದು ತೊಳೆದು ಬಿರಿದು ರಕ್ತ ಬಂದಿತ್ತು. ಅದಕ್ಕಿಂತ ಹೆಚ್ಚು ನನ್ನನ್ನು ಹೆದರಿಸಿದ್ದು ಅವನ ಕೆನ್ನೆಗಳು. ಒಳಕ್ಕೆ ಹೋಗಿದ್ದವು. ಊಟ ಕಡಿಮೆಯಾಗಿ ಎರಡು ತಿಂಗಳಾಗಿತ್ತು. ಈಗ ನಾಲ್ಕು ತುತ್ತು ಉಂಡರೆ ಹೆಚ್ಚು. ಪ್ರತಿ ತುತ್ತಿಗೂ ಎದ್ದು ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸುತ್ತಾನೆ, ಮತ್ತೆ ಕೈ ತೊಳೆಯುತ್ತಾನೆ, ಅಷ್ಟರಲ್ಲಿ ಅನ್ನ ಆರಿರುತ್ತದೆ. ತಾಯಿ ಎರಡನೇ ಬಾಣಂತನಕ್ಕೆ ರಾಯಚೂರಿನ ತವರಿಗೆ ಹೋಗಿದ್ದರು. ಮನೆಯಲ್ಲಿ ಅಪ್ಪ, ಮಗ, ಅಪ್ಪನ ತಾಯಿ, ಮೂವರೇ.

"ತೊಳೀಲಿಲ್ಲಂದ್ರ ಏನಾಗ್ತದಪ್ಪ?" ಎಂದು ಕೇಳಿದೆ. ಇದು ನಾವು ಎಲ್ಲ ಮಕ್ಕಳಿಗೂ ಕೇಳುವ ಪ್ರಶ್ನೆ.

ನೆಲ ನೋಡುತ್ತ, "ಅಜ್ಜಿ ಸಾಯ್ತಾಳ," ಎಂದ.

"ಬಿಡ್ತು ಅನ್ನಪ್ಪಾ," ಎಂದೆ.

"ಬಿಡ್ತು," ಎಂದ.

ಗೀಳು ರೋಗ ಎಂದು ತಿಳಿಯಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೇಡದ ಯೋಚನೆಯೊಂದು ನುಗ್ಗುತ್ತದೆ, ಅದನ್ನು ಅಳಿಸಲು ಮಗು ಏನಾದರೊಂದು ಮಾಡುತ್ತದೆ, ಅಳಿಸಿದಷ್ಟೂ ಯೋಚನೆ ಬೆಳೆಯುತ್ತದೆ. ಚಿಕಿತ್ಸೆಯೂ ಗೊತ್ತಿರುವುದೇ. ಹೆದರಿಕೆಯ ವಸ್ತುವನ್ನು ಸ್ವಲ್ಪ ಸ್ವಲ್ಪವೇ ಮುಟ್ಟಿಸಬೇಕು, ಮುಟ್ಟಿದ ಮೇಲೆ ತೊಳೆಯದೆ ಕೂರಿಸಬೇಕು. ಹೆದರಿಕೆ ಏರುತ್ತದೆ, ಬಹಳ ಹೊತ್ತು ಮೇಲೆಯೇ ನಿಲ್ಲುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ತೊಳೆಯದೆಯೂ ಇಳಿಯಿತು ಎಂಬುದನ್ನು ಮಗುವಿನ ಮೈಯೇ ಕಲಿಯಬೇಕು. ನಾನು ಬಾಯಿಮಾತಿನಲ್ಲಿ ಹೇಳಿದರೆ ಪ್ರಯೋಜನವಿಲ್ಲ.

ನನಗೆ ಗೊತ್ತಾಗದೇ ಹೋದದ್ದು ಬೇರೆ. ವೈಷ್ಣವರ ಮನೆ, ತೀರಿಕೊಂಡ ಅಜ್ಜ ಗುಡಿಯ ಪೂಜೆಯಲ್ಲಿದ್ದವರು. ಅಜ್ಜಿ ಮಡಿಯುಟ್ಟು ಅಡಿಗೆ ಮಾಡುವವರು, ಅವರ ಸೀರೆ ಯಾರೂ ಮುಟ್ಟುವಂತಿಲ್ಲ. ಅಂಥ ಮನೆಯಲ್ಲಿ ಮಡಿ ಎಲ್ಲಿ ಮುಗಿಯುತ್ತದೆ, ರೋಗ ಎಲ್ಲಿ ಶುರುವಾಗುತ್ತದೆ? ನಾನು ಗುಂಜಹಳ್ಳಿಯವಳು. ನಮ್ಮದು ಕುರಿ ಕಾಯುವ ಮನೆ. ಚಿಕ್ಕವಳಿದ್ದಾಗ ಇಂಥ ಮನೆಗಳ ಕಟ್ಟೆಯ ಕೆಳಗೆ ನಿಂತು ಎತ್ತರದಿಂದ ಹುಯ್ದ ನೀರು ಕುಡಿದವಳು. ಮಡಿ ಎಂಬ ಶಬ್ದ ಕೇಳಿದರೇ ನನಗೆ ಸಿಟ್ಟು ಬರುತ್ತದೆ, ಆ ಸಿಟ್ಟು ಕ್ಲಿನಿಕ್ಕಿನ ಬಾಗಿಲ ಹೊರಗೆ ಚಪ್ಪಲಿಯ ಜೊತೆ ಬಿಟ್ಟುಬರುವಂಥದ್ದಲ್ಲ. ಹುಡುಗನ ರೋಗಕ್ಕೆ ಔಷಧಿ ಹುಡುಕುತ್ತಿದ್ದೆನೋ, ನನ್ನ ಹಳೆಯ ಸಿಟ್ಟಿಗೆ ಒಂದು ನೆಪ ಹುಡುಕುತ್ತಿದ್ದೆನೋ, ಆ ವಾರಗಳಲ್ಲಿ ನನಗೇ ಸ್ಪಷ್ಟವಿರಲಿಲ್ಲ.

ರಾಯಚೂರಿನ ಹಿರಿಯ ಮನೋವೈದ್ಯರಿಗೆ ಹುಡುಗನನ್ನು ತೋರಿಸಿದೆವು. ಸಣ್ಣ ಪ್ರಮಾಣದ ಮಾತ್ರೆ ಬರೆದರು. ಅದು ಹಿಡಿಯಲು ವಾರಗಟ್ಟಲೆ ಬೇಕು, ಅಷ್ಟರಲ್ಲಿ ತೂಕ ಇನ್ನೂ ಇಳಿದರೆ ಆಸ್ಪತ್ರೆಗೆ ಸೇರಿಸಿ ಮೂಗಿನ ನಳಿಕೆಯಿಂದ ಆಹಾರ ಕೊಡಬೇಕಾಗುತ್ತದೆ ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಬೇರೆಯವರು ಮುಟ್ಟಿದ ಲೋಟದ ನೀರು ಕುಡಿಯದ ಹುಡುಗನ ಮೂಗಿಗೆ ನಳಿಕೆ!

ಕೆಲಸ ಶುರು ಮಾಡಿದೆವು. ಮಾಸ್ತರರ ಮಗನಲ್ಲವೇ, ಹೆದರಿಕೆಗೆ ಹತ್ತಕ್ಕೆ ಮಾರ್ಕ್ಸ್ ಹಾಕು ಎಂದರೆ ಚೆನ್ನಾಗಿ ಹಾಕುತ್ತಿದ್ದ. ಕೋಣೆಯ ಬಾಗಿಲ ಚಿಲಕ ಮುಟ್ಟಿಸಿದೆ: ಆರು. ಕುರ್ಚಿ: ಏಳು. ಅಪ್ಪನ ಚಪ್ಪಲಿಯ ತಳ: ಒಂಬತ್ತು. "ಈಗ ಏನು ವಿಚಾರ ಬಂತು, ಹೇಳು," ಎನ್ನುತ್ತಿದ್ದೆ. ಅದೇ ವಿಚಾರ ಹೇಳುತ್ತಿದ್ದ. ಎರಡು ಮಾತಾಡುತ್ತಿದ್ದೆವು. ಮತ್ತೆ ಕೇಳಿದರೆ ಒಂಬತ್ತು ಇದ್ದದ್ದು ಎರಡಾಗಿರುತ್ತಿತ್ತು. ಕೈ ತೊಳೆಯದೆಯೇ! ನಾನು ಹಿಗ್ಗಿದೆ. ಇಷ್ಟು ಬೇಗ ಕಲಿಯುವ ಮಗುವನ್ನು ನೋಡಿಯೇ ಇರಲಿಲ್ಲ. ಮುಂದಿನ ವಾರಕ್ಕೆ ಹುಡುಗ ಬಸ್ಸಿನಲ್ಲಿ ಕೂತು ಬಂದ. ಕೈಯ ಗಾಯ ಒಣಗತೊಡಗಿತು.

ತೂಕ ಮಾತ್ರ ಇಳಿಯುತ್ತಲೇ ಇತ್ತು.

ಇದು ನನ್ನ ಲೆಕ್ಕಕ್ಕೆ ಸಿಗಲಿಲ್ಲ. ನನ್ನ ಕೋಣೆಯಲ್ಲಿ ಚಪ್ಪಲಿ ಮುಟ್ಟಿ ನಗುವ ಹುಡುಗ ಮನೆಯಲ್ಲಿ ತಾಟಿನ ಮುಂದೆ ಕೂತರೆ ಮೂರು ತುತ್ತಿಗೆ ಏಳುತ್ತಾನೆ. ಅಜ್ಜಿಯೇ ಇದಕ್ಕೆಲ್ಲ ಕಾರಣ ಎಂದು ನಾನು ಮನಸ್ಸಿನಲ್ಲೇ ತೀರ್ಪು ಕೊಟ್ಟೆ. ಹಿರಿಯ ವೈದ್ಯರಿಗೆ ಫೋನ್ ಮಾಡಿ, ನನ್ನ ಹತ್ತಿರ ಸುಧಾರಿಸುತ್ತಾನೆ, ಮನೆಯಲ್ಲಿ ಕೆಡುತ್ತಾನೆ ಎಂದೆ. ಮಾರ್ಕ್ಸಿನ ವಿವರ ಕೇಳಿದರು. ಹೇಳಿದೆ.

"ಒಂಬತ್ತು ಇದ್ದದ್ದು ಅಷ್ಟು ಲಗೂನ ಎರಡಕ್ಕ ಇಳೀತೇನು?" ಎಂದರು. "ಹೆದರಿಕಿ ತಾನಾಗೇ ಇಳಿಲಿಕ್ಕೆ ಹೊತ್ತು ಹಿಡೀತದ. ಇಷ್ಟು ಲಗೂ ಇಳೀತಂದ್ರ ಯಾರೋ ಜಗ್ಗಿ ಇಳಸ್ಲಿಕ್ಕತ್ತಾರ. ಯಾರು ಅಂತ ನೋಡ್ರಿ."

ಯಾರು ಎಂದರೆ? ಕೋಣೆಯಲ್ಲಿ ಇರುವವರು ನಾವಿಬ್ಬರೇ. ಹುಡುಗ ಮನಸ್ಸಿನಲ್ಲೇ ಏನಾದರೂ ಸ್ತೋತ್ರ ಹೇಳಿಕೊಳ್ಳುತ್ತಾನೆಯೇ ಎಂದು ತಂದೆಯನ್ನು ವಿಚಾರಿಸಿದೆ. "ನಂಗೇನು ಗೊತ್ತರಿ, ಬಾಯಿ ಏನೋ ಅಳ್ಳಾಡ್ತದ," ಎಂದರು. ಊಟದ ಹೊತ್ತಿಗೆ ನಾನೇ ಮನೆಗೆ ಬಂದು ನೋಡುತ್ತೇನೆ ಎಂದೆ. ಅವರು ಬಹಳ ಯೋಚಿಸಿ, ಅಕ್ಕಪಕ್ಕದವರಿಗೆ ಟ್ಯೂಷನ್ ಟೀಚರ್ ಎಂದು ಹೇಳುವ ಷರತ್ತಿನ ಮೇಲೆ ಒಪ್ಪಿದರು. ಗಣಿತದಲ್ಲಿ ನಾನು ಎಷ್ಟರವಳು ಎಂದು ಅವರಿಗೆ ಗೊತ್ತಿರಲಿಲ್ಲ, ಪುಣ್ಯ.

ಗುರುವಾರ ಮಾನ್ವಿಯ ಕೆಲಸ ಮುಗಿಸಿ ಹೋದೆ. ಅಜ್ಜಿ ಎಂಬತ್ತು ದಾಟಿದವರು, ಗಿಡ್ಡ, ನೆಟ್ಟಗಿನ ಬೆನ್ನು. ಯಾವೂರು, ಯಾರ ಪೈಕಿ ಎಂದು ಕೇಳಿದರು. ಹೇಳಿದೆ. ಪಡಸಾಲೆಯಲ್ಲಿ ಚಾಪೆ ಹಾಕಿಸಿದರು. ಚಹಾ ಬಂತು. ಕುಡಿದಿಟ್ಟ ಲೋಟದ ಮೇಲೆ ಅಜ್ಜಿ ನೀರು ಚಿಮುಕಿಸಿಯೇ ಒಳಗೆ ತೆಗೆದುಕೊಂಡರು. ನೋಡು ಮತ್ತೆ, ಎಂದುಕೊಂಡೆ. ಜಗಳಕ್ಕೆ ಸಜ್ಜಾಗಿ ಮಡಿಯ ಮಾತು ತೆಗೆದೆ: ಈ ಹುಡುಗನಿಗೆ ಕೆಲವು ದಿನ ಮಡಿ-ಮೈಲಿಗೆ ಇಲ್ಲದಂತೆ ನೋಡಿಕೊಳ್ಳಲು ಆಗುತ್ತದೆಯೇ ಎಂದು.

"ಮುಂಜಿ ಆಗೂತನಕ ಹುಡುಗ್ರಿಗೆ ಯಾ ಮಡಿ ತಂಗಿ?" ಎಂದರು ಅಜ್ಜಿ. "ನಾನು ಬಡಕೊಂಡೇ ಹೇಳ್ತೀನಿ, ಇಷ್ಟು ತೊಳೀಬ್ಯಾಡೋ, ನಿಂಗೇನು ಬೇಕಾಗಿಲ್ಲ ಅಂತ. ಕೇಳೂದಿಲ್ಲ. ಪ್ಯಾಟ್ಯಾಗಿನ ಬ್ರೆಡ್ ತಿಂತೀಯೇನು, ತಂದುಕೊಡ್ತಾರ ಅಂದೆ. ಅದೂ ಒಲ್ಲೆ ಅಂದ."

ನಾನು ಕಟ್ಟಿಕೊಂಡು ಬಂದಿದ್ದ ವಾದವೆಲ್ಲ ಅಲ್ಲೇ ಕುಸಿಯಿತು. ಹಾಗಾದರೆ ಏನಿದು?

ಹುಡುಗ ಊಟಕ್ಕೆ ಕೂತ. ಅಡಿಗೆಮನೆಯ ಹೊಸ್ತಿಲಲ್ಲಿ ಅಜ್ಜಿ. ಮೊದಲ ತುತ್ತು ಹೋಯಿತು. ಎರಡನೇ ತುತ್ತು ಬಾಯಲ್ಲಿರುವಾಗ ಅವನ ದವಡೆ ನಿಂತಿತು. ಮುಖ ಬಿಳಿಚಿತು. ಎದ್ದು ಬಚ್ಚಲಿಗೆ ಓಡಿ, ಉಗುಳಿ, ಮುಕ್ಕಳಿಸಿ ಬಂದು ಅಜ್ಜಿಯ ಮುಂದೆ ನಿಂತ.

"ಮತ್ತ ಬಂತೇನೋ?"

"ನೀ ಹೋಗಿಬಿಡ್ತಿ ಅಂತ ಬಂತು."

"ಬಿಡ್ತು ಅನ್ನು."

"ಬಿಡ್ತು."

ಅಜ್ಜಿ ಹೇಳುವಾಗಲೇ ಚಾಪೆಯ ಮೇಲೆ ಕೂತ ನನ್ನ ಬಾಯಿಯೂ "ಬಿಡ್ತು ಅನ್ನು" ಎಂದಿತ್ತು. ಅದು ನನ್ನ ಕಿವಿಗೆ ಬಿತ್ತು. ಕೆಟ್ಟ ಮಾತು ಯಾರ ಬಾಯಿಂದ ಬಂದರೂ ಹಾಗೆ ಅನ್ನಿಸಿ ಅಳಿಸುವುದು ನಮ್ಮ ಕಡೆ ಉಸಿರಾಡಿದಷ್ಟು ಸಹಜ. ವೈಷ್ಣವರ ಮನೆಯಲ್ಲೂ ಅದೇ, ಕುರಿಯವರ ಹಟ್ಟಿಯಲ್ಲೂ ಅದೇ. ಮಡಿಯ ಮೇಲೆ ಕಣ್ಣಿಟ್ಟವಳಿಗೆ ಅದು ಕಾಣಿಸಲೇ ಇಲ್ಲ.

ಹಿತ್ತಲಿಗೆ ಕರೆದುಕೊಂಡು ಹೋಗಿ ಹುಡುಗನನ್ನು ಕೇಳಿದೆ.

"ಬಾಯಾಗ ಅನ್ನ ಇದ್ದಾಗ ಆ ವಿಚಾರ ಬಂದ್ರ, ನುಂಗಿದ್ರ ಅದೂ ಒಳಗ ಹೋಗ್ತದರಿ," ಎಂದ. "ಒಳಗ ಹೋದ್ರ ಖರೇ ಆಗ್ತದ. ಅದಕ್ಕ ಉಗುಳಿ ಬಿಡ್ತು ಅನ್ನಬೇಕು."

"ನೀನೇ ಅಂದ್ರ ಸಾಕೇನು?"

"ಸಾಲೂದಿಲ್ಲ. ದೊಡ್ಡವರು ಅನ್ನಿಸಬೇಕು."

"ಮತ್ತ ದೇವದುರ್ಗದಾಗ?"

ಇಷ್ಟೂ ತಿಳಿಯದವಳೇ ಎಂಬಂತೆ ನೋಡಿದ. "ಅಲ್ಲಿ ನೀವು ಅನ್ನಸ್ತೀರಲ್ರಿ."

ಜಗ್ಗಿ ಇಳಿಸುತ್ತಿದ್ದವಳು ನಾನೇ. ಚಪ್ಪಲಿ ಮುಟ್ಟಿಸಿ, ಹೆದರಿಕೆ ಏರಿಸಿ, ಅದು ತಾನಾಗಿ ಇಳಿಯುವ ಮೊದಲೇ ನನ್ನ ಬಾಯಿಂದಲೇ ಮಂತ್ರ ಹಾಕಿ ಇಳಿಸಿ, ಬೆನ್ನು ತಟ್ಟಿಕೊಳ್ಳುತ್ತಿದ್ದೆ. ಹುಡುಗ ತೊಳೆಯುವುದನ್ನು ಬಿಟ್ಟಿದ್ದು ನಿಜ. ಅದರ ಬದಲಿಗೆ ಬಿಡ್ತು ಹಿಡಿದಿದ್ದ. ನಾಚಿಕೆಯಾಯಿತು. ಜೊತೆಗೆ ದಾರಿ ಸಿಕ್ಕಿತೆಂಬ ಸಮಾಧಾನವೂ ಆಯಿತು, ಅದೂ ಬಹಳ ಹೊತ್ತು ಉಳಿಯಲಿಲ್ಲ.

ಏಕೆಂದರೆ ಈಗ ಮಾಡಬೇಕಾದದ್ದು ಸ್ಪಷ್ಟವಿತ್ತು: ಮನೆಯಲ್ಲಿ ಯಾರೂ ಬಿಡ್ತು ಅನ್ನಬಾರದು, ಅನ್ನಿಸಬಾರದು. ಆ ವಿಚಾರ ಬಂದಾಗಲೇ ಹುಡುಗ ತುತ್ತು ನುಂಗಬೇಕು. ಅಜ್ಜಿ ಸಾಯುತ್ತಾಳೆಯೇ ಎಂದು ಕೇಳಿದರೆ ಇಲ್ಲ ಎಂದು ಯಾರೂ ಧೈರ್ಯ ಹೇಳಬಾರದು. ಧೈರ್ಯ ಹೇಳುವುದೂ ಅಳಿಸುವುದೇ. ಗೊತ್ತಿಲ್ಲ ಎನ್ನಬೇಕು. ಗೊತ್ತಿಲ್ಲದಿರುವುದರ ಜೊತೆ ಅವನು ಇರಲು ಕಲಿಯಬೇಕು. ಇದನ್ನು ಪುಸ್ತಕದಲ್ಲಿ ಓದುವುದು ಸುಲಭ. ಹೊಸ್ತಿಲ ಮೇಲೆ ನಿಂತ ಎಂಬತ್ತು ದಾಟಿದ ಹೆಂಗಸಿಗೆ, ನಿಮ್ಮ ಮೊಮ್ಮಗ ನಿಮ್ಮ ಸಾವು ನುಡಿದಾಗ ಸುಮ್ಮನಿರಿ ಎಂದು ಹೇಗೆ ಹೇಳುವುದು?

ಹೇಳಿದೆ. ಮಾಸ್ತರರು ತಲೆ ತಗ್ಗಿಸಿದರು. ಅಜ್ಜಿ ನನ್ನನ್ನೇ ನೋಡಿದರು.

"ನಾ ಸಾಯೂದಕ್ಕ ಅಂಜಿ ಅಂತೀನಿ ಅಂತ ತಿಳಕೊಂಡಿಯೇನು?" ಎಂದರು. "ನನಗೇನದ ಇನ್ನ. ಆಡಿದ ಬಾಯಿಗೆ ತಟ್ಟತದ ತಂಗಿ. ಹುಡುಗನ ಬಾಯಿಗೆ. ಅದಕ್ಕ ಅನ್ನಸ್ತೀನಿ. ನೀ ಬಿಡು ಅಂತಿ. ನಾಳೆ ಅವಗೇನರೆ ಆದ್ರ?"

ಏನೂ ಆಗುವುದಿಲ್ಲ ಎಂದು ನಾನು ಹೇಳಿದ್ದರೆ, ಹುಡುಗನಿಗೆ ಹೇಳಬಾರದೆಂದ ಅದೇ ಧೈರ್ಯವನ್ನು ಅಜ್ಜಿಗೆ ಹೇಳಿದಂತಾಗುತ್ತಿತ್ತು. ಊಟ ಮಾಡದೆ ಹೀಗೇ ಹೋದರೆ ಆಸ್ಪತ್ರೆ, ನಳಿಕೆ, ಎಂದಷ್ಟೇ ಹೇಳಿದೆ. ಅಜ್ಜಿ ಒಳಗೆ ಹೋದರು. ಒಪ್ಪಿದರೋ ಇಲ್ಲವೋ ತಿಳಿಯದೆ ನಾನು ರಾಯಚೂರಿನ ಬಸ್ಸು ಹತ್ತಿದೆ. ಮನೆಗೆ ಬಂದು ಗುಂಜಹಳ್ಳಿಗೆ ಫೋನ್ ಮಾಡಿದರೆ, "ಮಳಿ ಇಲ್ಲ, ಈ ಸಲ ಕುರಿ ಉಳಿಯಂಗಿಲ್ಲ ಅನ್ನಸಾಕತ್ತೈತಿ," ಎಂದಳು ಅವ್ವ. ನಾನು ತಕ್ಷಣ ಬಿಡ್ತು ಅನ್ನು ಎಂದೆ. ಇಂಥವಳು ಇನ್ನೊಬ್ಬರಿಗೆ ಚಿಕಿತ್ಸೆ ಹೇಳಿಬಂದಿದ್ದೆ.

ದೇವದುರ್ಗದಲ್ಲಿ ಮೊದಲಿನಿಂದ ಶುರು ಮಾಡಿದೆವು. ಹುಡುಗ "ಅಜ್ಜಿ ಸಾಯಬಹುದು" ಎನ್ನಬೇಕು, ಒಂದು ಗುಟುಕು ನೀರು ನುಂಗಬೇಕು, ಸುಮ್ಮನೆ ಕೂರಬೇಕು. ನಾನು ನಾಲಿಗೆಯನ್ನು ಹಲ್ಲಿನ ನಡುವೆ ಹಿಡಿದುಕೊಂಡು ಕೂರುತ್ತಿದ್ದೆ. ಈಗ ಹೆದರಿಕೆ ಹತ್ತಕ್ಕೆ ಹತ್ತು ಹೋಗಿ ಅಲ್ಲೇ ನಿಂತಿತು. ಹುಡುಗ ನನ್ನ ಮುಖ ನೋಡುತ್ತಿದ್ದ, ಕಣ್ಣಲ್ಲಿ ನೀರು ತುಂಬಿಕೊಂಡು, ಒಂದೇ ಒಂದು ಸಲ ಅನ್ನಿಸಿರಿ ಎಂದು ಬೇಡುತ್ತಿದ್ದ. ನಾನು ಅನ್ನಿಸಲಿಲ್ಲ. ಕೆಳಗೆ ರಸ್ತೆಯಲ್ಲಿ ಮಸರಕಲ್ಲಿಗೆ ಹೋಗುವ ಟಂಟಂ ಆಟೋದವನು ಮಂದಿ ಕೂಗಿ ಕೂಗಿ, ಗಾಡಿ ತುಂಬಿಸಿ, ಹೊರಟು, ತಿರುಗಿ ಬರುವಷ್ಟು ಹೊತ್ತಾದ ಮೇಲೆ ಹತ್ತು ಇದ್ದದ್ದು ಏಳಾಯಿತು. ಆ ಏಳು ಅಸಲಿ ಏಳು. ಮನೆಯಲ್ಲಿ ಅಜ್ಜಿ ಈಗ ಏನೂ ಅನ್ನುವುದಿಲ್ಲ, ಹುಡುಗ ಎದ್ದು ಬಂದರೆ ಮುಖ ತಿರುಗಿಸಿಕೊಂಡು ಬಿಡುತ್ತಾರೆ ಎಂದು ಮಾಸ್ತರರು ಹೇಳಿದರು. ಒಂದು ಹೊತ್ತು ಎಂಟು ತುತ್ತು ಉಂಡನಂತೆ.

ಅಷ್ಟರಲ್ಲಿ ಅಜ್ಜಿಗೆ ಜ್ವರ ಬಂತು.

ಊರಲ್ಲೆಲ್ಲ ಇದ್ದ ಶೀತಜ್ವರವೇ. ಆದರೆ ಹುಡುಗನ ಪಾಲಿಗೆ ಸಾಕ್ಷಿ ಸಿಕ್ಕಿತ್ತು. ನುಂಗಿದ್ದೆ, ಒಳಗೆ ಹೋಯಿತು, ಖರೇ ಆಯಿತು. ಎರಡು ದಿನ ನೀರಿನ ಹೊರತು ಏನೂ ಮುಟ್ಟಲಿಲ್ಲ. ಮಾಸ್ತರರು ಫೋನ್ ಮಾಡಿದಾಗ ಅವರ ದನಿಯೇ ಬೇರೆಯಾಗಿತ್ತು. "ಇದು ಬ್ಯಾಡರಿ ಇನ್ನ. ನಾ ಸೈನ್ಸ್ ಕಲಿಸಾಂವ. ಆದ್ರ ನನಗೂ ಅಂಜಿಕಿ ಬರ್ಲಿಕ್ಕತ್ತದ. ಆಸ್ಪತ್ರಿಗೇ ಹಾಕ್ತೀನಿ."

ನಾನು ಅವರನ್ನು ದೂರಲಾರೆ. ನನಗೂ ಅಂಜಿಕೆಯಾಗಿತ್ತು. ವೃದ್ಧೆಗೆ ಜ್ವರ ಬರುವುದಕ್ಕೂ ಒಂದು ಮಾತು ಆಡದಿರುವುದಕ್ಕೂ ಸಂಬಂಧವಿಲ್ಲವೆಂದು ತಲೆಗೆ ಗೊತ್ತಿತ್ತು, ಎದೆಗೆ ಗೊತ್ತಿರಲಿಲ್ಲ. ಹಿರಿಯ ವೈದ್ಯರೊಂದಿಗೆ ಮಾತಾಡಿದೆ. ಬುಧವಾರ ಹಾಸಿಗೆ ಸಿಗುತ್ತದೆ ಎಂದರು. ಮಂಗಳವಾರ ದೇವದುರ್ಗದಲ್ಲಿ ಹುಡುಗನ ಹೊತ್ತಿಗೆ ಬೇರೆ ಯಾರಿಗೂ ಬರಲು ಹೇಳದೆ ಸುಮ್ಮನೆ ಕೂತಿದ್ದೆ.

ಬಾಗಿಲಲ್ಲಿ ಅಜ್ಜಿ ನಿಂತಿದ್ದರು. ತಲೆಗೆ ಶಾಲು ಸುತ್ತಿಕೊಂಡು, ಒಂದು ಕೈಯಲ್ಲಿ ಮೊಮ್ಮಗನ ಕೈ, ಇನ್ನೊಂದರಲ್ಲಿ ಸ್ಟೀಲ್ ಡಬ್ಬಿ. ಹಿಂದೆ ಮಾಸ್ತರರು, ಸೋತ ಮುಖ. ಹೊರಗಿನ ನೀರು ಸಹ ಕುಡಿಯದ ಹೆಂಗಸು ಸಿರವಾರದ ಬಸ್‌ಸ್ಟ್ಯಾಂಡಿನಲ್ಲಿ ಕಾದು, ಎರಡು ಬಸ್ಸು ಹತ್ತಿ ಬಂದಿದ್ದರು.

"ಸತ್ತಿಲ್ಲ, ಬಂದೀನಿ," ಎಂದರು ಅಜ್ಜಿ. "ಮನ್ಯಾಗ ನನ್ನ ಕೈಲೆ ಆಗೂದಿಲ್ಲ ತಂಗಿ. ಬಾಯಿ ತಾನೇ ಅಂದುಬಿಡ್ತದ. ನಿನ್ನ ಮುಂದ ಕೂತು ಮಾಡ್ತೀನಿ. ನೀ ನನ್ನ ಕಾಯಿ, ನಾ ಇವನ್ನ ಕಾಯ್ತೀನಿ."

ಹುಡುಗನನ್ನು ಕೂರಿಸಿದರು, ಡಬ್ಬಿ ತೆಗೆದರು. ಮೊಸರನ್ನ. ಚಾಪೆಯ ಮೇಲೆ ಎದುರು ಕೂತರು. ಹುಡುಗ ಒಂದು ತುತ್ತು ಬಾಯಿಗಿಟ್ಟುಕೊಂಡ, ದವಡೆ ನಿಂತಿತು. ಬಚ್ಚಲು ಹುಡುಕುವವನಂತೆ ಸುತ್ತ ನೋಡಿದ. ಅಜ್ಜಿ ಅವನ ಮೊಣಕಾಲಿನ ಮೇಲೆ ಕೈ ಇಟ್ಟರು. ಬಾಯಲ್ಲಿ ಅನ್ನ ಇಟ್ಟುಕೊಂಡೇ, ಒಡಕು ದನಿಯಲ್ಲಿ ಕೇಳಿದ.

"ಅಜ್ಜಿ, ನೀ ಸಾಯ್ತೀಯೇನು?"

ನಾನು ಅಂಗೈಯಿಂದ ಬಾಯಿ ಮುಚ್ಚಿಕೊಂಡೆ. ಮಾಸ್ತರರು ಕಿಟಕಿಯ ಕಡೆ ತಿರುಗಿದರು.

"ಸಾಯ್ತೀನಪ್ಪಾ," ಎಂದರು ಅಜ್ಜಿ. "ಯಾವಾಗ ಅಂತ ಗೊತ್ತಿಲ್ಲ. ನೀ ಉಂಡ್ರೂ ಸಾಯ್ತೀನಿ, ಉಣಲಿಲ್ಲಂದ್ರೂ ಸಾಯ್ತೀನಿ. ನುಂಗು."

ಅವನು ಅಳುತ್ತಾ ಕೂತ. ಅಜ್ಜಿಯ ತುಟಿ ಬಿಗಿಯಾಗಿತ್ತು. ಯಾರೂ ಏನೂ ಅನ್ನಲಿಲ್ಲ. ಬಹಳ ಹೊತ್ತಾದ ಮೇಲೆ ಅವನ ಗಂಟಲು ಮೇಲೆ ಕೆಳಗೆ ಆಡಿತು. ನುಂಗಿದ್ದ. ಅಜ್ಜಿಯನ್ನು ನೋಡಿದ. ಅಜ್ಜಿ ಅಲ್ಲೇ ಇದ್ದರು. ಎರಡನೇ ತುತ್ತಿಗೆ ಕೈ ಹಾಕಿದ.

ಇದರಿಂದ ಎಲ್ಲ ಸರಿಹೋಯಿತು ಎಂದು ನಾನು ಬರೆಯಲಾರೆ. ಬುಧವಾರದ ಹಾಸಿಗೆ ಬೇಡವೆಂದೆವು, ಅಷ್ಟೇ ಹೇಳಬಲ್ಲೆ. ಆಮೇಲೂ ಏರಿಳಿತಗಳಾದವು, ಮಾತ್ರೆಯೂ ತನ್ನ ಕೆಲಸ ಮಾಡಿತು. ಆದರೆ ಆ ದಿನದ ಒಂದು ವಿಷಯ ಇವತ್ತಿಗೂ ನನಗೆ ಬಗೆಹರಿದಿಲ್ಲ.

ಹುಡುಗ ಉಣ್ಣುತ್ತಿರುವಾಗ ಅಜ್ಜಿ ಮೆಲ್ಲಗೆ ಎದ್ದು ಹೊರಗೆ ಹೋದರು. ಎಲ್ಲಿ ಬೀಳುತ್ತಾರೋ ಎಂದು ನಾನೂ ಹಿಂದೆ ಹೋದೆ. ಮೆಟ್ಟಿಲ ಹತ್ತಿರ ಗೋಡೆ ಹಿಡಿದು ನಿಂತಿದ್ದರು. ಜ್ವರದ ಮೈ ನಡುಗುತ್ತಿತ್ತು. ನಾನು ತೋಳು ಹಿಡಿದೆ. ಬಿಡಿಸಿಕೊಳ್ಳಲಿಲ್ಲ.

"ಇಲ್ಲಿ ನಿಂತ್ರ ಒಳಗ ಕೇಳೂದಿಲ್ಲಲ್ಲ?" ಎಂದರು.

"ಇಲ್ರಿ."

"ಹಂಗಾರ ಈಗರ ಒಂದ್ಸಲ ಅನ್ನಲೇನು? ಅವನ ಹೆಸರಲೆ?"

ಅನ್ನಿರಿ ಎಂದರೆ, ನಾಳೆ ಹುಡುಗ ಅಜ್ಜಿ ನೀ ಅಂದಿಯೇನು ಎಂದು ಕೇಳಿದಾಗ ಈ ಹೆಂಗಸು ಸುಳ್ಳು ಹೇಳುವವರಲ್ಲ. ಬೇಡ ಎಂದರೆ, ಅವರ ರೋಗವಲ್ಲದ ರೋಗಕ್ಕೆ ಅವರಿಗೆ ಚಿಕಿತ್ಸೆ ಕೊಡಲು ನಾನು ಯಾರು?

"ಗೊತ್ತಿಲ್ಲ ಅಜ್ಜಿ," ಎಂದೆ.

ಅವರು ನನ್ನ ಮುಖವನ್ನೇ ನೋಡುತ್ತ ನಿಂತರು. ನಾನು ಅವರ ತೋಳು ಬಿಡಲಿಲ್ಲ. ಇಬ್ಬರೂ ಬಾಯಿ ತೆರೆಯಲಿಲ್ಲ. ಒಳಗೆ ಹುಡುಗ ಇನ್ನೂ ಉಣ್ಣುತ್ತಿದ್ದ.